ನೆಲಮಾಳಿಗೆಯಲ್ಲಿ ಮೂವತ್ತು ಬಗೆ ಖರ್ಜೂರ

ಅಲ್ ಖೋಬರ್
18 ಆಗಸ್ಟ್ 2024

ಪ್ರಿಯ ಸಲಾಂ,

ಪರದೆ ಎದ್ದಿತು ಮಾರಾಯ. ಇಪ್ಪತ್ತೊಂದು ವರ್ಷ ಇನ್ನೊಬ್ಬರ ಹೆಸರಿನಲ್ಲಿ ಗೋಡೆ ಕಟ್ಟಿಸಿದ ಈ ಫೋರ್‌ಮನ್ ಅಣ್ಣು, ಐವತ್ತಾರನೆಯ ವಯಸ್ಸಿನಲ್ಲಿ, ಕೊನೆಗೂ ರಂಗದ ನಡುವಿಗೆ ಬಂದು ನಿಂತಿದ್ದಾನೆ. ನಮ್ಮೂರು ಹೆಜಮಾಡಿಯ ಶಾಲೆಯ ಬಯಲಿನಲ್ಲಿ ರಟ್ಟಿನ ಕಿರೀಟ ಇಟ್ಟುಕೊಂಡು ನಿಲ್ಲುತ್ತಿದ್ದೆನಲ್ಲ, ಹಾಗೆಯೇ. ಆಗ ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು, ನಾನು ಮರೆತ ಮಾತುಗಳನ್ನು ಪಿಸುಗುಟ್ಟಲಿಕ್ಕೆ ನೀನಿದ್ದೆ. ಈಗ ನೀನು ಸಾವಿರದ ಮುನ್ನೂರು ಕಿಲೋಮೀಟರ್ ದೂರ, ಮದೀನಾದ ಖರ್ಜೂರದ ಅಂಗಡಿಯಲ್ಲಿ. ಫೋನ್ ಮಾಡೋಣವೆಂದರೆ ನನ್ನ ಗಂಟಲಿನೆದುರು ನಿನಗೆ ಬಾಯಿ ತೆರೆಯಲಿಕ್ಕೆ ಜಾಗ ಸಿಗುವುದಿಲ್ಲ ಅಂತ ನೀನೇ ಕಾನೂನು ಮಾಡಿದ್ದೀ, ಮುಖ್ಯ ವಿಷಯವೆಲ್ಲ ಕಾಗದದಲ್ಲೇ ಅಂತ. ಆಗಲಿ. ನಿಮ್ಮ ಅಂಗಡಿಯ ಲಾರಿ ವಾರಕ್ಕೊಮ್ಮೆ ಇಲ್ಲೇ ಪಕ್ಕದ ದಮ್ಮಾಮಿಗೆ ಬರುತ್ತದೆ. ಡ್ರೈವರ್ ಮುಝಫ್ಫರ್ ಕಾಗದ ಒಯ್ಯಲಿಕ್ಕೆ ಒಪ್ಪಿದ್ದಾನೆ.

ಕಥೆ ಕೇಳು. ಇಲ್ಲಿ ಸಮುದ್ರದ ಬದಿಯಲ್ಲಿ ಅಬು ತುರ್ಕಿ ಅಂತ ಒಬ್ಬರು ಅರ್ಬಾಬ್, ಭಾರೀ ಧಣಿ. ಎಣ್ಣೆ ಕಂಪೆನಿಯಲ್ಲಿ ದೊಡ್ಡ ಇಂಜಿನಿಯರ್ ಆಗಿದ್ದು, ಹತ್ತು ವರ್ಷ ಇಟಲಿಯಲ್ಲಿ ಕಳೆದು, ನಿವೃತ್ತರಾಗಿ ಬಂದವರು. ಅವರ ವಿಲ್ಲಾದ ಕೆಳಗೆ ಒಂದು ನೆಲಮಾಳಿಗೆ ಉಂಟು. ಈವರೆಗೆ ಅದು ಮುರಿದ ಸೋಫಾಗಳ ಮತ್ತು ಜಿರಳೆಗಳ ಸಾಮ್ರಾಜ್ಯ. ಅಲ್ಲಿ ಅವರಿಗೆ ಖರ್ಜೂರದ ಖಜಾನೆ ಆಗಬೇಕು. ಮೂವತ್ತು ಬಗೆಯ ಖರ್ಜೂರ, ಮೂವತ್ತು ಮರದ ಗೂಡು, ತಣ್ಣನೆಯ ಕೋಣೆ. ಅದಕ್ಕೆ ತಾಗಿ, ಗಾಜಿನ ಬಾಗಿಲಿನಾಚೆ, ಅತಿಥಿಗಳು ಕೂತು ಒಂದೊಂದನ್ನೇ ರುಚಿ ನೋಡುವ ಇನ್ನೊಂದು ಕೋಣೆ. ಅರ್ಬಾಬ್ ಇಟಲಿಯಿಂದ ನಕ್ಷೆಯನ್ನೇ ತಂದಿದ್ದಾರೆ. ಅಲ್ಲಿನ ಸಿರಿವಂತರು ನೆಲದಡಿಯಲ್ಲಿ ಇಂಥ ಗೂಡು ಮಾಡಿ ಏನನ್ನೋ ಅಡ್ಡ ಮಲಗಿಸಿ ಇಡುತ್ತಾರಂತೆ. ಏನನ್ನು ಅಂತ ನಾನು ಬರೆಯುವುದಿಲ್ಲ. ಈ ಕಾಗದ ಹೋಗುವ ಊರು ಯಾವುದೆಂಬ ಎಚ್ಚರ ನನಗಿದೆ.

ಈಗ ಕತ್ತಿ ಎಲ್ಲಿ ತೂಗುತ್ತಿದೆ ಅಂತ ಹೇಳುತ್ತೇನೆ. ಐವತ್ತೈದು ದಾಟಿದವರನ್ನೆಲ್ಲ ಕಂಪೆನಿ ಊರಿಗೆ ಕಳಿಸುತ್ತಿದೆ. ಕಂಪೆನಿ ನಡೆಸುವ, ನನ್ನ ವೀಸಾ ಕೈಯಲ್ಲಿರುವ ಕಫೀಲ್ ನನ್ನನ್ನು ಕರೆದು, ದೇಶ ಬಿಡಿಸುವ ಎಕ್ಸಿಟ್ ಫಾರಂ ಮೇಜಿನ ಮೇಲಿಟ್ಟು, "ಅಣ್ಣು, ಇದರಲ್ಲಿ ಡಿಸೆಂಬರ್ ಮೂವತ್ತೊಂದು ಅಂತ ಬರೆದಾಗಿದೆ. ಅಬು ತುರ್ಕಿ ನಿನ್ನನ್ನೇ ಕೇಳಿದರು. ಈ ಕೆಲಸ ಪೂರ್ತಿ ನಿನ್ನ ಹೆಸರಿನಲ್ಲಿ. ಅವರು ಸಂತೋಷಪಟ್ಟರೆ ನಾನು ಇದಕ್ಕೆ ಸಹಿ ಹಾಕುವುದಿಲ್ಲ, ಇಂಟೀರಿಯರ್ ವಿಭಾಗ ನೀನೇ ನೋಡಿಕೋ. ಇಲ್ಲದಿದ್ದರೆ ಹಾಕುತ್ತೇನೆ" ಅಂದ. ನಳಿನಾಕ್ಷಿಗೆ ಫೋನಿನಲ್ಲಿ ಹೇಳಿದರೆ, "ನೀವು ಊರಿಗೆ ಬಂದರೂ ಅಡ್ಡಿಯಿಲ್ಲ, ಆದರೆ ಸೋತು ಬರಬೇಡಿ, ಸೋತು ಬಂದ ನಿಮ್ಮನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ" ಅಂದಳು. ಹೆಂಡತಿಗೆ ನನ್ನ ಗುಣ ಗೊತ್ತುಂಟು.

ನವೆಂಬರ್ ಹದಿನಾಲ್ಕು, ಗುರುವಾರ ಸಂಜೆ, ಇಪ್ಪತ್ತು ಅತಿಥಿಗಳು. ಅಷ್ಟರಲ್ಲಿ ಎಲ್ಲ ಆಗಬೇಕು. ನನಗೆ ಮರ ಗೊತ್ತು, ಕಲ್ಲು ಗೊತ್ತು, ಖರ್ಜೂರ ಗೊತ್ತಿಲ್ಲ. ಅದಕ್ಕೆ ಅರ್ಬಾಬರ ಎದುರು ಎದೆ ತಟ್ಟಿ ಹೇಳಿಬಿಟ್ಟೆ: "ಮದೀನಾದ ಅತ್ಯಂತ ಬಲ್ಲ ನಾಲಿಗೆ ನನ್ನ ಗೆಳೆಯನ ಬಾಯಲ್ಲಿ ಉಂಟು." ಖರ್ಜೂರ ಏನು ಬಯಸುತ್ತದೆ, ಏನಕ್ಕೆ ಹೆದರುತ್ತದೆ, ಬರೆ.

ನಿನ್ನ ರಾಜ,
ಅಣ್ಣು


ಮದೀನಾ
27 ಆಗಸ್ಟ್ 2024

ಅಣ್ಣು,

ಕಾಗದ ಸಿಕ್ಕಿತು. ಕಾಗದವೇ ಆದರೂ ಓದಿ ಮುಗಿಸಿದ ಮೇಲೆ ಕಿವಿ ಗುಂಯ್ ಅಂತು. ರೂಮಿನಲ್ಲಿ ಜೊತೆಗಿರುವ ನಝೀಮ್, "ಯಾರು ಬೈದದ್ದು?" ಅಂತ ಕೇಳಿದ.

ಇಟಲಿಯವರು ಮಲಗಿಸಿಡುವುದು ಎಂತದ್ದು ಅಂತ ನನಗೆ ಗೊತ್ತಾಯಿತು. ಆಲಿವ್ ಎಣ್ಣೆ. ಅದರ ಸೀಸೆಗಳು ನಮ್ಮ ಪಕ್ಕದ ಅಂಗಡಿಯಲ್ಲೂ ಉಂಟು. ಎಣ್ಣೆ ಅಂತ ಬರೆದರೆ ನಮ್ಮ ಕಡೆಯವರು ಬೇರೆ ಅರ್ಥ ಮಾಡಿಯಾರು ಅಂತ ಹೆದರಿದೆಯಾ? ನೀನು ಹೆದರಿದ್ದು ನೋಡಿ ನನಗೆ ನಗು ಬಂತು.

ಖರ್ಜೂರದ ವಿಷಯ. ಅದರ ಮೊದಲ ಶತ್ರು ಒಣಗುವುದು. ಇಲ್ಲಿ ಪೆಟ್ಟಿಗೆ ತೆರೆದು ಮಧ್ಯಾಹ್ನದ ನಮಾಝಿಗೆ ಹೋಗಿ ಬಂದರೆ ಮೇಲಿನ ಸಾಲಿನ ಸಿಪ್ಪೆ ಕಾಗದದ ಹಾಗೆ ಸುಕ್ಕಾಗಿರುತ್ತದೆ. ನಮ್ಮ ಗೋದಾಮಿನಲ್ಲಿ ನಾಲ್ಕು ಮೂಲೆಗೆ ನೀರಿನ ತಟ್ಟೆ ಇಡುತ್ತೇವೆ, ಬಾಗಿಲಿಗೆ ಒದ್ದೆ ಗೋಣಿ ಇಳಿಬಿಡುತ್ತೇವೆ. ನೀನೂ ಕೋಣೆಯ ಗಾಳಿಯನ್ನು ಒಣಗಲು ಬಿಡಬೇಡ. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಗೆದ್ದ ಹಾಗೆ.

ಇನ್ನು ಒಳ್ಳೆಯದನ್ನು ಆರಿಸುವ ಕ್ರಮ. ನಾನು ದಿನಕ್ಕೆ ಹತ್ತು ಗಂಟೆ ಅದನ್ನೇ ಮಾಡುತ್ತೇನೆ. ಸುಕ್ಕರಿ ಜಾತಿಯದ್ದನ್ನು ಬೆಳಕಿಗೆ ಹಿಡಿದರೆ ಒಳಗಿನ ಬೀಜ ಮಂಜಿನಾಚೆ ನಿಂತ ಮನುಷ್ಯನ ಹಾಗೆ ಕಾಣಬೇಕು. ಅಜ್ವಾವನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಇಳಿದು, ನಿಧಾನ ಎದ್ದು ಬರಬೇಕು. ಒಣ ಜಾತಿಯದ್ದಾದರೆ ಕಿವಿಯ ಹತ್ತಿರ ಅಲ್ಲಾಡಿಸು, ಬೀಜ ಒಳಗೆ ಮಾತಾಡುತ್ತದೆ. ಚೆನ್ನಾಗಿ ಮಾತಾಡಿದರೆ ಆ ವರ್ಷದ್ದಲ್ಲ.

ನನ್ನ ನಾಲಿಗೆಯ ಬಗ್ಗೆ ಅಲ್ಲಿ ಹೆಚ್ಚು ಹೇಳಲಿಕ್ಕೆ ಹೋಗಬೇಡ. ನಾಟಕದ ನೋಟೀಸಿನ ಹಾಗೆ ಮಾಡಿಬಿಡುತ್ತೀ.

ಹನ್ನೊಂದು ಬಗೆ ಈ ಲಾರಿಯಲ್ಲಿ ಕಳಿಸಿದ್ದೇನೆ. ಉಳಿದದ್ದು ಕೊಯ್ಲು ಮುಗಿದ ಮೇಲೆ.

ಸಲಾಂ


ಅಲ್ ಖೋಬರ್
15 ಸೆಪ್ಟೆಂಬರ್ 2024

ಪ್ರಿಯ ಸಲಾಂ,

ಎರಡನೆಯ ಅಂಕ ನಡೆಯುತ್ತಿದೆ. ನೀನು ಇದನ್ನು ನೋಡಬೇಕಿತ್ತು. ಮುಸ್ಲಿಮನಲ್ಲದ ನಾನು ಆ ಊರಿನ ಒಳಗೆ ಬರುವ ಹಾಗಿಲ್ಲ, ಹಾಗಾಗಿ ನೀನೇ ಇಲ್ಲಿಗೆ ಬಂದು ನೋಡಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನೆಲ. ಈ ಊರಿನಲ್ಲಿ ಎರಡು ಮೀಟರ್ ಅಗೆದರೆ ಉಪ್ಪು ನೀರು. ನೆಲಮಾಳಿಗೆಯ ಗೋಡೆ ಬೆವರುತ್ತಿತ್ತು. ಒಳಗಿನ ಸಿಮೆಂಟನ್ನೆಲ್ಲ ಕಿತ್ತು ಮೂರು ಪದರ ವಾಟರ್‌ಪ್ರೂಫಿಂಗ್ ಮಾಡಿಸಿದೆ. ಹತ್ತು ದಿನ ಕಾದೆ, ಒಂದು ಹನಿ ಇಲ್ಲ. ಆಮೇಲೆ ಗೂಡುಗಳು. ಆರು ಸಾಲು, ಸಾಲಿಗೆ ಐದು, ಆಕ್ರೋಡು ಮರ, ಮುಂಬಾಗಿಲಿಗೆ ಹಿತ್ತಾಳೆಯ ಹಿಡಿ. ಕಮಾನಿನ ಕೆಳಗೆ ಹಳದಿ ದೀಪ. ಬಡಗಿಯವರು ಕೊನೆಯ ಗೂಡು ಕೂರಿಸಿದಾಗ ನಾನು ಬಾಗಿಲಲ್ಲಿ ನಿಂತು, "ಯಾರಲ್ಲಿ" ಅಂತ ಒಮ್ಮೆ ಕೂಗಿ ನೋಡಿದೆ. ಏನು ಪ್ರತಿಧ್ವನಿ ಅಂತೀ. ಮೇಲಿನಿಂದ ಅರ್ಬಾಬರ ಅಡುಗೆಯ ಮಾರಿಯಾ ಓಡಿ ಬಂದು, "ಯಾರಾದರೂ ಬಿದ್ದರಾ?" ಅಂದಳು.

ಗಾಳಿಯ ವಿಷಯದಲ್ಲಿ ನಿನ್ನ ಮಾತನ್ನು ಶಿರಸಾ ವಹಿಸಿದ್ದೇನೆ. ನಕ್ಷೆಯಲ್ಲೂ ಹಾಗೆಯೇ ಇತ್ತು, ನೀನೂ ಹಾಗೆಯೇ ಬರೆದೆ. ಎರಡು ಶಾಸ್ತ್ರ ಒಂದೇ ಮಾತು ಹೇಳಿದ ಮೇಲೆ ಸಂಶಯ ಎಂತದ್ದು? ಗಾಳಿಗೆ ತೇವ ಬೆರೆಸುವ ಯಂತ್ರ ಇಟ್ಟಿದ್ದೇನೆ. ತೇವದ ಮೀಟರಿನಲ್ಲಿ ಎಂಬತ್ತು ತೋರಿಸುತ್ತದೆ. ಎಸಿಯ ರಿಝ್ವಾನ್, ಭಟ್ಕಳದವ, ಅದನ್ನು ನೋಡಿ "ಅಣ್ಣುಭಾಯಿ, ಜಾಸ್ತಿ ಆಯಿತಲ್ಲ?" ಅಂತ ತಲೆ ಕೆರೆದ. "ಕಡಲ ಬದಿಯಲ್ಲಿ ಹುಟ್ಟಿ ತೇವಕ್ಕೆ ಹೆದರುತ್ತೀಯಾ, ನಾಚಿಕೆ ಆಗುವುದಿಲ್ಲವಾ" ಅಂದೆ. ಪಾಪ, ಸ್ಪ್ಯಾನರ್ ಎತ್ತಿಕೊಂಡು ಹೊರಟ.

ಸಲಾಂ, ಆ ಬಾಗಿಲು ತೆರೆದಾಗ ಮುಖಕ್ಕೆ ಬಂದು ತಾಗುವ ಗಾಳಿ ಇದೆಯಲ್ಲ, ಅದು ಹೆಜಮಾಡಿಯ ಸೆಪ್ಟೆಂಬರಿನ ಗಾಳಿ. ಮಳೆ ಬಿಟ್ಟ ಮೇಲೆ ನಾಟಕದ ರಿಹರ್ಸಲ್‌ಗೆ ಶಾಲೆಯ ಬೀಗ ತೆಗೆದಾಗ ಬರುತ್ತಿತ್ತಲ್ಲ, ಅದೇ. ನಾನು ದಿನಕ್ಕೆ ನಾಲ್ಕು ಸಲ ಸುಮ್ಮನೆ ಬಾಗಿಲು ತೆರೆದು ನಿಲ್ಲುತ್ತೇನೆ.

ಈಗ ಘೋಷಣೆ. ಹದಿನಾಲ್ಕರ ಸಂಜೆ ರುಚಿಯ ಕೋಣೆಯಲ್ಲಿ ನಿಂತು, ಒಂದೊಂದು ಖರ್ಜೂರವನ್ನೂ ಬಾಯಲ್ಲಿಟ್ಟು, ಅದರ ಕುಲಗೋತ್ರ ಹೇಳುವವ ನೀನು. ಅರ್ಬಾಬ್ ಒಪ್ಪಿದ್ದಾರೆ, ವಿಮಾನದ ಟಿಕೆಟ್ ಅವರದ್ದೇ. ಬರುವವರಿಗೆಲ್ಲ ಹೇಳಿಯೂ ಆಗಿದೆ.

ಅಣ್ಣು


ಮದೀನಾ
24 ಸೆಪ್ಟೆಂಬರ್ 2024

ಅಣ್ಣು,

ಗಾಳಿಯ ಬಗ್ಗೆ ನೀನು ಬರೆದ ಸಾಲುಗಳನ್ನು ಮೂರು ಸಲ ಓದಿದೆ. ಹದಿಮೂರು ವರ್ಷದಿಂದ ಇಲ್ಲಿ ತುಟಿಗೆ ವ್ಯಾಸಲೀನ್ ಹಚ್ಚಿಕೊಂಡೇ ಇದ್ದೇನೆ. ಆ ಶಾಲೆಯ ಕೋಣೆಯಲ್ಲಿ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ನಿನಗೆ ಮಾತು ಹೇಳಿಕೊಡುವ ಮೊದಲು ನಾನು ಹಾಳೆ ಬಿಡಿಸಬೇಕಿತ್ತು. ಅಂಥ ಗಾಳಿಯನ್ನು ಒಂದು ಕೋಣೆಯಲ್ಲಿ ಹಿಡಿದಿಟ್ಟಿದ್ದೀ ಅಂದರೆ ನಿನ್ನ ಕೈಗೆ ಮುತ್ತು.

ಆದರೆ ನಾನು ಬರುವುದು ಆಗುವುದಿಲ್ಲ. ನವೆಂಬರಿನಲ್ಲಿ ಉಮ್ರಾ ಯಾತ್ರಿಕರ ಗದ್ದಲ, ಅಂಗಡಿ ನೋಡಿಕೊಳ್ಳುವ ನಮ್ಮ ಮುದೀರ್ ರಜೆ ಕೊಡುವುದಿಲ್ಲ. ಅದಲ್ಲದೆ ನಾನು ಪರದೆಯ ಹಿಂದಿನವ. ಜನರ ಎದುರು ನಿಂತು ತಿನ್ನುವುದು, ಹೇಳುವುದು ನನ್ನಿಂದ ಆಗುವ ಕೆಲಸವಲ್ಲ. ನೀನೇ ಮಾತಾಡು. ಯಾವುದರ ನಂತರ ಯಾವುದು, ಪ್ರತಿಯೊಂದಕ್ಕೂ ಏನು ಹೇಳಬೇಕು, ಎಲ್ಲವನ್ನೂ ಬೇರೆ ಪುಸ್ತಕದಲ್ಲಿ ಬರೆದು ಇಟ್ಟಿದ್ದೇನೆ. ಮೊದಲು ಬರ್ನಿ, ಯಾಕೆಂದರೆ ಅದು ಗಟ್ಟಿ, ಸಿಹಿ ಜೋರಿಲ್ಲ. ಸುಕ್ಕರಿಯನ್ನು ಮೊದಲೇ ಕೊಟ್ಟರೆ ಉಳಿದದ್ದೆಲ್ಲ ಸಪ್ಪೆ. ಅಜ್ವಾ ಕೊನೆಗೆ. ನಡುವೆ ಕಹ್ವಾ ಕಾಫಿ, ಸಕ್ಕರೆ ಹಾಕದ್ದು.

ಉಳಿದ ಹತ್ತೊಂಬತ್ತು ಬಗೆಗಳೂ ಈ ಲಾರಿಯಲ್ಲಿವೆ.

ಸಲಾಂ


ಅಲ್ ಖೋಬರ್
6 ಅಕ್ಟೋಬರ್ 2024

ಸಲಾಂ,

ಪುಸ್ತಕ ಸಿಕ್ಕಿತು, ಪೆಟ್ಟಿಗೆ ಸಿಕ್ಕಿತು. ಗೂಡು ತುಂಬಿಸಿ, ಬಾಗಿಲು ಹಾಕಿದೆ. ಹದಿನೈದು ದಿನ ಯಾರೂ ತೆರೆಯಬಾರದು ಅಂತ ಅಪ್ಪಣೆ ಮಾಡಿದೆ.

ನಿನ್ನ ರಜೆಯ ಕಥೆ ನನಗೆ ಬೇಡ. ಮುಝಫ್ಫರ್ ಹೇಳಿದ, ಹೋದ ತಿಂಗಳು ನಿಮ್ಮಲ್ಲಿ ಮೂವರು ರಜೆಯಲ್ಲಿ ಹೋದರಂತೆ. ನಿಜ ವಿಷಯ ನನಗೆ ಗೊತ್ತು. ತೊಂಬತ್ತೊಂದನೆಯ ಇಸವಿಯಲ್ಲಿ, ಕೊನೆಯ ದೃಶ್ಯದಲ್ಲಿ, ನಾನು ಎರಡು ಪುಟ ಹಾರಿಸಿದೆ. ಸೇನಾಪತಿ ಬರುವ ಮೊದಲೇ ಸತ್ತುಹೋದೆ. ಜನ ನಕ್ಕರು. ನಾಟಕ ಸಂಘದ ಅಧ್ಯಕ್ಷರು ಕೇಳಿದಾಗ ನಾನು ಸತ್ತ ವೇಷದಲ್ಲೇ ಎದ್ದು ಕೂತು, "ಪ್ರಾಂಪ್ಟರ್ ತಪ್ಪು ಪುಟ ಓದಿದ" ಅಂದೆ. ಆಮೇಲೆ ನಿನಗೆ ಪುಸ್ತಕ ಕೊಡಲಿಲ್ಲ. ಮೂವತ್ತಮೂರು ವರ್ಷವಾಯಿತು. ಅದನ್ನು ಈಗ ತೀರಿಸುತ್ತಿದ್ದೀ. ತೀರಿಸು. ಇಪ್ಪತ್ತು ಜನ ಕಾದು ಕೂತಿರುವಾಗ ಮದೀನಾದ ನಾಲಿಗೆ ಎಲ್ಲಿ ಅಂತ ಅರ್ಬಾಬ್ ಕೇಳಿದರೆ, ಅದಕ್ಕೆ ಸಿಟ್ಟು ಬಂದಿದೆ ಅಂತ ಹೇಳುತ್ತೇನೆ.

ಅಣ್ಣು


ಅಲ್ ಖೋಬರ್
21 ಅಕ್ಟೋಬರ್ 2024

ಸಲಾಂ,

ಲಾರಿ ಕಾಯಲಿಕ್ಕೆ ಸಮಯವಿಲ್ಲ. ಈ ಕಾಗದದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುತ್ತೇನೆ. ಬೆಳಿಗ್ಗೆ ಫೋನಿನಲ್ಲಿ ನಾನು ಕೂಗಿದ್ದು ತಪ್ಪು. ನೀನು ಇಟ್ಟುಬಿಟ್ಟದ್ದು ಸರಿ. ಕೂಗದೆ ಬರೆಯುತ್ತೇನೆ.

ನಿನ್ನೆ ಅರ್ಬಾಬ್ ಸ್ವತಃ ಕೆಳಗೆ ಬಂದರು. ನಾನು ಕೀಲಿ ತಿರುಗಿಸಿ, ಬಾಗಿ, ಎರಡೂ ಕೈಯಲ್ಲಿ ಬಾಗಿಲು ತೆರೆದೆ. ಗಾಳಿ ಬಂತು. ಅವರು ಒಂದು ಹೆಜ್ಜೆ ಇಟ್ಟು ನಿಂತರು. ಮೂಗು ಮೇಲೆತ್ತಿದರು. ಇನ್ನೊಮ್ಮೆ ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ತುಂಬಾ ಮೆಲ್ಲಗೆ, "ಅಣ್ಣು, ಈ ವಾಸನೆ ನನಗೆ ಇಟಲಿಯಿಂದ ಪರಿಚಯ. ಇದು ನನ್ನ ಮನೆಯಲ್ಲಿ ಯಾಕೆ ಇದೆ?" ಅಂದರು.

ಗೂಡಿನ ತಟ್ಟೆ ಎಳೆದೆ. ಸುಕ್ಕರಿಯ ಮೇಲೆ ನೊರೆ. ಖಲಾಸ್ ಜಾತಿಯದ್ದು ಕರಗಿ ತಟ್ಟೆಯಲ್ಲಿ ಪಾಕ. ಊರಿನಲ್ಲಿ ಸಂಜೆಯವರೆಗೆ ಇಟ್ಟ ಕಳ್ಳಿನ ಹುಳಿ ವಾಸನೆ. ಮೂವತ್ತರಲ್ಲಿ ಹದಿನೇಳು ಹೋಯಿತು.

ಈಗ ನಿನಗೆ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಅದು ಎಣ್ಣೆಯ ಕೋಣೆ ಅಲ್ಲ. ಅದು ವೈನಿನ ಕೋಣೆಯ ನಕ್ಷೆ. ಅಲ್ಲಿ ಸೀಸೆಯ ಬಿರಡೆ ಒಣಗಬಾರದು ಅಂತ ಗಾಳಿಗೆ ತೇವ ಕೊಡುತ್ತಾರೆ. ಮದೀನಾದಲ್ಲಿ ಕೂತವನಿಗೆ ಆ ಶಬ್ದ ಬರೆಯುವುದು ಹೇಗೆ ಅಂತ ನಾನು ನುಂಗಿಕೊಂಡೆ. ನೀನು ಆಲಿವ್ ಎಣ್ಣೆ ಅಂದದ್ದನ್ನು ನೋಡಿ ನಕ್ಕೆ, ತಿದ್ದಲಿಲ್ಲ. ನಿನ್ನ ನೀರಿನ ತಟ್ಟೆಯೂ ಅದೇ ಮಾತು ಹೇಳಿತಲ್ಲ, ಸರಿಯಾಯಿತು ಅಂತ ತಿಳಿದೆ. ಮಾರಾಯ, ಯಾವುದಕ್ಕೆ ನಕ್ಷೆ ಬರೆದಿದ್ದರೋ ಆ ಕೋಣೆ ಅದನ್ನೇ ಮಾಡಲಿಕ್ಕೆ ಹೊರಟಿದೆ. ಸೌದಿ ಅರೇಬಿಯಾದಲ್ಲಿ, ಒಬ್ಬ ಮರ್ಯಾದಸ್ಥರ ಮನೆಯ ಕೆಳಗೆ, ನನ್ನ ಹೆಸರಿನಲ್ಲಿ.

ಅರ್ಬಾಬ್ ಬೈಯಲಿಲ್ಲ. "ಹದಿನಾಲ್ಕಕ್ಕೆ ಜನ ಬರುತ್ತಾರೆ. ಖರ್ಜೂರ ಇರಬೇಕು, ಈ ವಾಸನೆ ಇರಬಾರದು" ಅಂದು ಮೇಲೆ ಹೋದರು. ಕೆಟ್ಟದ್ದನ್ನೆಲ್ಲ ನಾನೂ ರಿಝ್ವಾನನೂ ಚೀಲಕ್ಕೆ ತುಂಬಿ ಆಗಲೇ ಸಾಗಿಸಿದೆವು. ಹೋಗುವಾಗ ಅವನು ಮೀಟರಿನ ಕಡೆ ಒಮ್ಮೆ ಬೆರಳು ತೋರಿಸಿದ. ಬೈದಿದ್ದರೆ ಒಳ್ಳೆಯದಿತ್ತು. ಇಪ್ಪತ್ತನಾಲ್ಕು ದಿನ ಉಂಟು. ಮುಂದಿನ ಮಾತು ನನಗೆ ಬರುವುದಿಲ್ಲ ಸಲಾಂ. ಹೇಳಿಕೊಡು.

ಅಣ್ಣು


ಮದೀನಾ
23 ಅಕ್ಟೋಬರ್ 2024

ಅಣ್ಣು,

ಮೊದಲು ಕೆಲಸ. ತೇವದ ಯಂತ್ರ ಕಿತ್ತು ಬಿಸಾಡು. ಗಾಳಿಯ ನೀರು ಹೀರುವ ಯಂತ್ರ ಇಡು. ಮೀಟರ್ ಐವತ್ತೈದಕ್ಕೆ ಇಳಿಯಬೇಕು, ಚಳಿ ನಾಲ್ಕು ಡಿಗ್ರಿಗೆ. ಗೂಡುಗಳನ್ನೆಲ್ಲ ಹೊರಗೆ ತೆಗೆದು ಬಿಸಿಲಿಗೆ ಹಾಕು. ಬಿಸಿಲಿಗೆ ಆ ಊರಿನಲ್ಲಿ ಬರವಿಲ್ಲ. ಗೋಡೆ, ನೆಲ ಬಿಸಿನೀರಿನಲ್ಲಿ ಒರೆಸು, ಸುಗಂಧ ಗಿಗಂಧ ಏನೂ ಹೊಡೆಯಬೇಡ. ಮರಕ್ಕೆ ವಾಸನೆ ಹಿಡಿದಿದ್ದರೆ ಒಳಮೈಯನ್ನು ಉಜ್ಜಿಸಿ ತೆಗೆಸು. ಹೋದ ಹದಿನೇಳನ್ನು ನಾನೇ ಮತ್ತೆ ಆರಿಸಿ ಕಳಿಸುತ್ತೇನೆ.

ಈಗ ತಪ್ಪು ಯಾರದ್ದು ಅಂತ. ನೀನು ವೈನ್ ಅಂತ ಬರೆದಿದ್ದರೆ ನಾನು ಒಂದು ಸಲ ಅಸ್ತಗ್‌ಫಿರುಲ್ಲಾ ಅಂತ ದೇವರ ಕ್ಷಮೆ ಕೇಳಿ, ಆಮೇಲೆ ಗಾಳಿ ಎಂಥದ್ದು ಅಂತ ಕೇಳುತ್ತಿದ್ದೆ. ಅಷ್ಟೇ ಆಗುತ್ತಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ತಪ್ಪು ನನ್ನದು. ನಾನು ಮರಳುಗಾಡಿನ ನಡುವೆ ಕೂತು ಕಡಲ ಬದಿಯವನಿಗೆ ನೀರಿನ ತಟ್ಟೆ ಇಡು ಅಂದೆ. ನೀನು ಎಂಬತ್ತು ಅಂತ ಬರೆದಿದ್ದೆ. ಕಣ್ಣೆದುರೇ ಇತ್ತು. ನಾನು ಆ ಅಂಕೆಯನ್ನು ದಾಟಿ ಊರಿನ ಗಾಳಿಗೆ ಹೋದೆ. ಊರಿನಲ್ಲಿ ಆ ಗಾಳಿಗೆ ಹಪ್ಪಳಕ್ಕೇ ಬೂಸ್ಟು ಬರುತ್ತಿತ್ತು ಅನ್ನುವುದು ಇಬ್ಬರಿಗೂ ನೆನಪಾಗಲಿಲ್ಲ ನೋಡು.

ನಿನ್ನ ತೊಂಬತ್ತೊಂದನೆಯ ಇಸವಿಯನ್ನು ನಾನು ಮರೆತೇ ಬಿಟ್ಟಿದ್ದೆ. ನೀನು ಸತ್ತ ಮೇಲೆ ಎದ್ದು ಕೂತದ್ದು ಮಾತ್ರ ನೆನಪಿತ್ತು, ಅದು ನಾಟಕದಲ್ಲೇ ಅತ್ಯಂತ ಚೆನ್ನಾಗಿ ಬಂದ ಜಾಗ. ನಾನು ಬರುವುದಿಲ್ಲ ಅಂದದ್ದಕ್ಕೆ ಕಾರಣ ಬೇರೆ. ನನಗೆ ಸಕ್ಕರೆ ಕಾಯಿಲೆ. ನಾಲ್ಕು ವರ್ಷವಾಯಿತು, ಒಂದು ಖರ್ಜೂರ ನಾಲಿಗೆಗೆ ತಾಗಿಸಿಲ್ಲ. ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ, ತಿನ್ನದವ ಆರಿಸುವುದು ಹೇಗೆ ಅಂತ ನನ್ನನ್ನು ಪೆಟ್ಟಿಗೆ ಹೊರಲಿಕ್ಕೆ ಹಾಕುತ್ತಾರೆ. ಹೆಂಡತಿ ಸಫಿಯತ್‌ಗೆ ಮಾತ್ರ ಗೊತ್ತು. ಊರಿನಿಂದ ಫೋನಿನಲ್ಲಿ ದಿನಾ ಮಾತ್ರೆ ಎಣಿಸುತ್ತಾಳೆ. ಬೆರಳಿನಿಂದ, ಬೆಳಕಿನಿಂದ, ಕಿವಿಯಿಂದ ಆರಿಸುತ್ತಿದ್ದೇನೆ. ಈವರೆಗೆ ಒಂದು ಪೆಟ್ಟಿಗೆ ವಾಪಸ್ ಬಂದಿಲ್ಲ. ಆದರೆ ನೀನು ಊರೆಲ್ಲ ಸಾರಿದ ನಾಲಿಗೆ ಇಲ್ಲ ಅಣ್ಣು. ಇಲ್ಲದ ನಾಲಿಗೆಯನ್ನು ಹಿಡಿದುಕೊಂಡು ಇಪ್ಪತ್ತು ಜನರ ಎದುರು ಹೇಗೆ ನಿಲ್ಲಲಿ?

ಸಲಾಂ


ಅಲ್ ಖೋಬರ್
31 ಅಕ್ಟೋಬರ್ 2024

ಪ್ರಿಯ ಸಲಾಂ,

ನಿನ್ನ ಕಾಗದ ಓದಿ ಒಂದು ಗಂಟೆ ಸುಮ್ಮನಿದ್ದೆ. ಇದು ನನ್ನ ಜೀವಮಾನದ ದಾಖಲೆ. ಆಮೇಲೆ ನೇರ ಅರ್ಬಾಬರ ಹತ್ತಿರ ಹೋದೆ. ಇನ್ನು ಮುಚ್ಚಿಡುವುದು ಸಾಕು ಅಂತ ಅನಿಸಿತ್ತು. ನಿನ್ನನ್ನು ಕೇಳದೆ ಹೇಳಿದೆ, ಬೈಯುವುದಾದರೆ ಬಂದು ಬೈ. "ಬಾಬಾ, ನನ್ನ ಗೆಳೆಯ ನಾಲ್ಕು ವರ್ಷದಿಂದ ಖರ್ಜೂರ ತಿಂದಿಲ್ಲ. ಅವನಿಗೆ ಸಕ್ಕರೆ ಕಾಯಿಲೆ. ಕೈಯಲ್ಲಿ ಮುಟ್ಟಿ ಹೇಳುತ್ತಾನೆ. ಈ ಮಾತು ನಿಮ್ಮ ಮನೆಯಿಂದ ಮದೀನಾಕ್ಕೆ ಹೋಗಬಾರದು."

ಅವರು ಕಹ್ವಾದ ಕಪ್ಪು ಕೆಳಗಿಟ್ಟರು. ಅತಿಥಿಗಳ ಪಟ್ಟಿ ತೆಗೆದು ಪೆನ್ನಿನಿಂದ ಗುರುತು ಹಾಕತೊಡಗಿದರು. ಒಂದು, ಎರಡು, ಮೂರು. ಹನ್ನೆರಡಕ್ಕೆ ನಿಂತರು. "ಇವರೆಲ್ಲರಿಗೂ ಡಾಕ್ಟರ್ ಸಿಹಿ ಬೇಡ ಅಂದಿದ್ದಾರೆ. ಹದಿಮೂರನೆಯವ ನಾನು. ನಾನು ಈ ಕೋಣೆ ಮಾಡಿಸುವುದು ನನ್ನ ಮಗಳಿಂದ ಅಡಗಿ ದಿನಕ್ಕೊಂದು ತಿನ್ನಲಿಕ್ಕೆ ಅಂತ ನೀನು ತಿಳಿದಿರಲಿಲ್ಲವಾ?" ಆ ಮನುಷ್ಯ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. "ಅವನ ಕೈಗಳನ್ನು ಕರೆಸು" ಅಂದರು.

ಸಲಾಂ, ನನ್ನ ತಲೆಯಲ್ಲಿ ಆಗ ಸಾವಿರ ದೀಪ ಹತ್ತಿತು. ರುಚಿಯ ಕೋಣೆಯನ್ನು ಪೂರ್ತಿ ಬದಲಿಸಿಬಿಟ್ಟೆ. ನಡುವಿನ ಅಮೃತಶಿಲೆಯ ಮೇಜು ಕಿತ್ತೆ. ಅಲ್ಲಿ ಹಾಲು ಬಣ್ಣದ ಗಾಜು, ಕೆಳಗಿನಿಂದ ಬೆಳಕು. ಸುಕ್ಕರಿ ಇಟ್ಟರೆ ಬೀಜ ಕಾಣಬೇಕು, ನೀನು ಬರೆದ ಹಾಗೆ ಮಂಜಿನಾಚೆ ನಿಂತ ಮನುಷ್ಯನಂತೆ. ಕಿವಿಗೆ ಕೇಳಬೇಕಲ್ಲ, ಅದಕ್ಕೆ ಗೋಡೆಗೆಲ್ಲ ಒಂಟೆಯ ಉಣ್ಣೆಯ ಕಂಬಳಿ ಹೊದಿಸಿದೆ. ನನ್ನ ಆ ಪ್ರತಿಧ್ವನಿ ಹೋಯಿತು. ಕೂಗಿದರೆ ಸತ್ತ ಧ್ವನಿ ಬರುತ್ತದೆ, ಆದರೆ ಬೀಜ ಅಲ್ಲಾಡಿದರೆ ಕೇಳುತ್ತದೆ. ಒಬ್ಬೊಬ್ಬರಿಗೆ ಕಾಲು ಖರ್ಜೂರ ಮಾತ್ರ, ಕೊಡುವುದಕ್ಕೆ ಬೆರಳಗಲದ ಬೆಳ್ಳಿ ತಟ್ಟೆ.

ಮೀಟರ್ ಐವತ್ನಾಲ್ಕು. ವಾಸನೆ ಇಲ್ಲ, ರಿಝ್ವಾನ್ ಮೂರು ಸಲ ಮೂಗು ತೂರಿಸಿ ನೋಡಿ, "ಈಗ ಕಡಲ ಬದಿಯವರಿಗೆ ಒಪ್ಪಿಗೆಯಾ?" ಅಂತ ಕೇಳಿದ. ಅವನ ಕೈ ಹಿಡಿದು ಕ್ಷಮೆ ಕೇಳಿದೆ.

ಟಿಕೆಟ್ ಇದರೊಂದಿಗೆ.

ಅಣ್ಣು


ಮದೀನಾ
7 ನವೆಂಬರ್ 2024

ಅಣ್ಣು,

ಟಿಕೆಟನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದೇನೆ. ನಝೀಮ್‌ಗೆ ಸಂಶಯ ಬಂದು, ಮದುವೆ ಗಿದುವೆಯಾ ಅಂತ ಕೇಳಿದ.

ರಜೆ ಒಂದೇ ದಿನ. ನಾಲ್ಕಕ್ಕೆ ಇಳಿಯುತ್ತೇನೆ, ಹನ್ನೊಂದರ ವಿಮಾನಕ್ಕೆ ವಾಪಸ್. ಹದಿನೇಳು ಬಗೆಯನ್ನು ಮೂರು ದಿನ ಕೂತು ಒಂದೊಂದಾಗಿ ಆರಿಸಿದೆ, ನಾಳೆ ಲಾರಿ ಹೊರಡುತ್ತದೆ.

ಒಂದು ಷರತ್ತು. ಮಾತು ನಿನ್ನದು. ನನ್ನ ಅರಬಿಕ್ ಅಂಗಡಿಯ ಅರಬಿಕ್, ತೂಕ ಮತ್ತು ಪೆಟ್ಟಿಗೆ ದಾಟಿ ಹೋಗುವುದಿಲ್ಲ. ನಾನು ಆರಿಸಿ ಕೈಗೆ ಕೊಡುತ್ತೇನೆ, ನೀನು ಪುಸ್ತಕದಲ್ಲಿ ಇರುವುದನ್ನು ಹೇಳು. ಪುಟ ಹಾರಿಸಬೇಡ.

ಸಲಾಂ


ಅಲ್ ಖೋಬರ್
15 ನವೆಂಬರ್ 2024

ಪ್ರಿಯ ಸಲಾಂ,

ನೀನು ವಿಮಾನಕ್ಕೆ ಓಡಿದೆ, ನಾನು ಒದ್ದೆ ಪ್ಯಾಂಟಿನಲ್ಲಿ ನಿಂತಿದ್ದೆ, ಒಂದು ಮಾತು ಆಡಲಿಕ್ಕೆ ಆಗಲಿಲ್ಲ. ಅಲ್ಲಿ ಎಂತ ಆಯಿತು ಅಂತ ನನಗೆ ಯಾರೂ ಸರಿಯಾಗಿ ಹೇಳುತ್ತಿಲ್ಲ. ಅರ್ಬಾಬ್ ಇವತ್ತು ಬೆಳಿಗ್ಗೆ ಉಮ್ರಾಕ್ಕೆ ಹೋದರು. ಕಫೀಲ್ ಫೋನ್ ಎತ್ತುವುದಿಲ್ಲ.

ನನ್ನ ಕಡೆಯದ್ದು ಕೇಳು. ಅತಿಥಿಗಳು ಕೂತು, ನಾನು ಗಂಟಲು ಸರಿಮಾಡಿಕೊಂಡು ಮುಂದೆ ಬರುವಷ್ಟರಲ್ಲಿ ರಿಝ್ವಾನ್ ಯಂತ್ರದ ಕಪಾಟಿನಿಂದ ಕೈಬೀಸಿ ಕರೆದನಲ್ಲ. ಗಾಳಿಯಿಂದ ಹೀರಿದ ನೀರು ಹೊರಗೆ ಹೋಗುವ ಪೈಪಿನ ಜಾಯಿಂಟು ಬಿಟ್ಟುಹೋಗಿತ್ತು. ಕೈಬಿಟ್ಟರೆ ನೀರು ಸೀದಾ ಗಾಜಿನ ಬಾಗಿಲಿನ ಕೆಳಗಿನಿಂದ ಅತಿಥಿಗಳ ಕಾಲಿಗೆ. ಯಂತ್ರ ನಿಲ್ಲಿಸಿದರೆ ಅಷ್ಟು ಜನರ ಉಸಿರಿಗೆ ಮೀಟರ್ ಏರುತ್ತದೆ. ರಿಝ್ವಾನ್ ಹೊಸ ಜಾಯಿಂಟು ತರಲಿಕ್ಕೆ ಅಂಗಡಿಗೆ ಓಡಿದ. ನಾನು ಕಪಾಟಿನೊಳಗೆ ಮೊಣಕಾಲೂರಿ, ಒಂದೂಕಾಲು ಗಂಟೆ ಪೈಪನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ.

ಪ್ಲೈವುಡ್ಡಿನಾಚೆ ನಿನ್ನ ಧ್ವನಿ ಕೇಳುತ್ತಿತ್ತು. ಮಾತು ಬಿಡಿಬಿಡಿಯಾಗಿ ಗೊತ್ತಾಗುತ್ತಿರಲಿಲ್ಲ, ನಾನೇ ಹೊದಿಸಿದ ಕಂಬಳಿ. ಒಮ್ಮೆ ನೀನು ನಿಂತುಬಿಟ್ಟೆ. ಯಾರೋ ಏನೋ ಕೇಳಿದರು. ನೀನು ಮಾತಾಡಲಿಲ್ಲ. ಹೇಳಿಕೊಡಬೇಕು, ಆದರೆ ಏನು ಕೇಳಿದರು ಅಂತ ಗೊತ್ತಿಲ್ಲ, ಪುಸ್ತಕ ಹೊರಗೆ ಮೇಜಿನ ಮೇಲೆ. ಅಷ್ಟು ವರ್ಷ ನೀನು ಹೀಗೆ ನನ್ನ ಒಂದೊಂದು ಮೌನಕ್ಕೂ ನಿಂತಿದ್ದೆಯಾ ಮಾರಾಯ? ಮನುಷ್ಯ ಸಾಯಬೇಕು.

ಆಗ ಎಂತ ಆಯಿತು? ಬರೆ.

ಅಣ್ಣು


ಮದೀನಾ
19 ನವೆಂಬರ್ 2024

ಅಣ್ಣು,

ನೀನು ಬರುತ್ತೀ ಅಂತ ಕಾದೆ. ಬರಲಿಲ್ಲ. ಇಪ್ಪತ್ತು ಜನ ನನ್ನನ್ನೇ ನೋಡುತ್ತಿದ್ದರು. ಬರ್ನಿ ಕೈಗೆ ತೆಗೆದುಕೊಂಡೆ. ಅಂಗಡಿಯ ಅರಬಿಕ್‌ನಲ್ಲೇ ಶುರುಮಾಡಿದೆ. ಇದು ಗಟ್ಟಿ. ಇದು ಮೆದು. ಇದು ಈ ವರ್ಷದ್ದು, ಕೇಳಿ, ಬೀಜ ಮಾತಾಡುವುದಿಲ್ಲ. ಗಾಜಿನ ಮೇಲೆ ಸುಕ್ಕರಿ ಇಟ್ಟಾಗ ಎಲ್ಲರೂ ಒಟ್ಟಿಗೆ ಮುಂದೆ ಬಾಗಿದರು. ನಿನ್ನ ಆ ಬೆಳಕು, ಅಣ್ಣು. ನಾನು ಹದಿಮೂರು ವರ್ಷ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ದನ್ನು ನೀನು ಒಂದು ಮೇಜು ಮಾಡಿ ಇಟ್ಟಿದ್ದೀ.

ಆಮೇಲೆ ಬಿಳಿ ಗಡ್ಡದ ಒಬ್ಬ ಹಿರಿಯರು ಕೇಳಿದರು, "ಎಲ್ಲ ಹೇಳುತ್ತೀ, ನೀನು ಒಂದನ್ನೂ ತಿನ್ನಲಿಲ್ಲ. ನಾವು ಹೇಗೆ ನಂಬುವುದು?" ನೀನು ಕೇಳಿದ ಮೌನ ಅದು.

ನಾನು ಅಜ್ವಾ ಒಂದನ್ನು ಬಾಯಿಯವರೆಗೆ ಎತ್ತಿದೆ. ಒಂದು ತಿಂದರೆ ಸಾಯುವುದಿಲ್ಲ. ಆದರೆ ತಿಂದರೆ ನಾಲ್ಕು ವರ್ಷದ ನನ್ನ ಕೆಲಸವೆಲ್ಲ ಸುಳ್ಳಾಗುತ್ತದೆ ಅಂತ ಅನಿಸಿತು. ಕೆಳಗಿಟ್ಟೆ. "ನನಗೆ ಕಾಯಿಲೆ. ನಾಲ್ಕು ವರ್ಷದಿಂದ ನನ್ನ ಬೆರಳು ಮಾತ್ರ ತಿನ್ನುತ್ತದೆ" ಅಂದೆ. ಅದಕ್ಕೆ ಅಂಗಡಿಯ ಅರಬಿಕ್ ಸಾಕಾಯಿತು.

ಆ ಹಿರಿಯರು ಕಣ್ಣು ಮುಚ್ಚಿಕೊಂಡು ಕೈ ಚಾಚಿದರು. ಅಜ್ವಾ ಇಟ್ಟೆ. ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿದರು. "ಅಜ್ವಾ" ಅಂದರು. ಇನ್ನೊಂದು ಇಟ್ಟೆ. "ಸಫಾವಿ." ತಪ್ಪು, ಅದು ಅಂಬರ್. ಪಕ್ಕದವರು ಅವರನ್ನು ಕುಚೋದ್ಯ ಮಾಡಿದರು, "ಎಪ್ಪತ್ತು ವರ್ಷ ತಿಂದದ್ದು ವ್ಯರ್ಥ" ಅಂತ. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಇಪ್ಪತ್ತು ಜನ ಕಣ್ಣು ಮುಚ್ಚಿ, ಕೈ ಚಾಚಿ, ಒಬ್ಬರ ಮೇಲೊಬ್ಬರು ಪಂಥ ಕಟ್ಟಿ, ನಿಜವಾಗಿ ತಿಂದದ್ದು ಒಂದು ಹಿಡಿಯಷ್ಟೂ ಇರಲಿಕ್ಕಿಲ್ಲ. ಅರ್ಬಾಬ್ ಮೂರು ತಪ್ಪು ಹೇಳಿದರು, ಮೂರನೆಯದಕ್ಕೆ ಸಿಟ್ಟು ಬಂತು.

ನಿನ್ನ ಕಫೀಲ್ ಬಾಗಿಲ ಹತ್ತಿರ ನಿಂತಿದ್ದ. ನಗುತ್ತಿದ್ದನೋ ಲೆಕ್ಕ ಹಾಕುತ್ತಿದ್ದನೋ ತಿಳಿಯಲಿಲ್ಲ. ಅದನ್ನೇ ನೆನೆದು ನಿದ್ದೆ ಬರುತ್ತಿಲ್ಲ. ಮತ್ತೆ ಒಂದು ವಿಷಯ. ನನ್ನ ಕಾಯಿಲೆಯನ್ನು ನಾನೇ ನಮ್ಮ ಮುದೀರ್‌ಗೆ ನಿನ್ನೆ ಹೇಳಿದೆ. ಇಪ್ಪತ್ತು ಜನರಿಗೆ ಹೇಳಿದ ಮೇಲೆ ಇಪ್ಪತ್ತೊಂದನೆಯವನಿಗೆ ಎಂತ ಕಷ್ಟ. ಅವನು ನನ್ನ ಕಡೆ ನೋಡಿ, "ಹಾಗಾದರೆ ನೀನು ದಿನಾ ಕದ್ದು ತಿನ್ನುತ್ತಿಲ್ಲ ಅಂತಾಯಿತು" ಅಂದು, ಆರಿಸುವ ಪೆಟ್ಟಿಗೆಗಳನ್ನು ಎಂದಿನಂತೆ ನನ್ನ ಕಡೆ ದೂಡಿದ.

ನಿನ್ನದು ಏನಾಯಿತು?

ಸಲಾಂ


ಅಲ್ ಖೋಬರ್
28 ನವೆಂಬರ್ 2024

ಸಲಾಂ,

ಕಫೀಲ್ ಕರೆದಿದ್ದ. ಅರ್ಬಾಬ್ ಹೇಳಿದ್ದನ್ನೆಲ್ಲ ಹೇಳಿದ. ಹೊರಡುವಾಗ ಮೇಜಿನಿಂದ ಒಂದು ಹಾಳೆ ನನ್ನ ಕಡೆ ಸರಿಸಿ, "ಕಾಗದ ಹಾಳು ಮಾಡುವುದು ನನಗೆ ಆಗುವುದಿಲ್ಲ. ನೀನು ಮದೀನಾಕ್ಕೆ ಬರೆಯುತ್ತಿರುತ್ತೀಯಂತೆ, ಹಿಂಬದಿ ಖಾಲಿ ಉಂಟು, ಉಪಯೋಗಿಸು" ಅಂದ.

ಈ ಹಾಳೆಯನ್ನು ತಿರುಗಿಸು. ನನ್ನ ಹೆಸರು ಉಂಟು, ಇಕಾಮಾ ಕಾರ್ಡಿನ ನಂಬ್ರ ಉಂಟು, ಡಿಸೆಂಬರ್ ಮೂವತ್ತೊಂದು ಉಂಟು. ಕೆಳಗೆ, ಬಲಬದಿಯಲ್ಲಿ, ಸಹಿಯ ಜಾಗ ನೋಡು. ಅದೂ ಖಾಲಿ.

ಅಣ್ಣು